ದೀಪ ದೊಡ್ಡದು ಮಾಡಿ, ಎಂಟರ್ ಒತ್ತಿ

ನಮ್ಮ ಅಡಿಗೆಮನೆಯ ಗೂಡಿನಲ್ಲಿ ‘ಶುಗರ್’ ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿದ ಒಂದು ಡಬ್ಬಿ ಇದೆ. ಅದರಲ್ಲಿರುವುದು ಕೊತ್ತಂಬರಿ ಪುಡಿ. ‘ಟೀ’ ಎಂದಿರುವುದರಲ್ಲಿ ಹುಣಸೆಹುಳಿ, ‘ಕಾಫಿ’ ಎಂದಿರುವುದರಲ್ಲಿ ದೇವರ ಕರ್ಪೂರ. ಹಾಗಾದರೆ ಸಕ್ಕರೆ ಎಲ್ಲಿ ಎಂದು ನೀವು ಕೇಳಬಹುದು. ಅದು ಏನೂ ಬರೆಯದ ಡಬ್ಬಿಯಲ್ಲಿದೆ. ಇರುವೆಗಳಿಗೆ ಇಂಗ್ಲಿಷ್ ಬರುತ್ತದೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ. ಹೆಸರಿದ್ದ ಡಬ್ಬಿಗೆ ಅವು ಸಾಲುಗಟ್ಟಿ ಬರುತ್ತಿದ್ದವು, ಹೆಸರಿಲ್ಲದ್ದಕ್ಕೆ ಬರುವುದಿಲ್ಲ. ದೇವರು ಇರುವೆಗಳಿಗೆ ಅಷ್ಟಕ್ಕೇ ವಿದ್ಯೆ ನಿಲ್ಲಿಸಿದ್ದು ನನ್ನ ಪುಣ್ಯ.

ಮೊನ್ನೆ ನಾನು ದೇವಸ್ಥಾನಕ್ಕೆ ಹೋಗಿದ್ದಾಗ ಮನೆಗೆ ನೆಂಟರು ಬಂದರು. ಪಕ್ಕದ ಮನೆಯ ಹೊಸ ಸೊಸೆ, ಪಾಪ, ಉಪಕಾರಕ್ಕೆಂದು ಒಳಗೆ ಬಂದು ಚಹಾ ಮಾಡಿದಳಂತೆ. ‘ಶುಗರ್’ ಡಬ್ಬಿ ತೆರೆದು ಪುಡಿಯ ಬಣ್ಣ ನೋಡಿ, ಇದು ಈಗಿನವರು ಆರೋಗ್ಯಕ್ಕೆಂದು ತಿನ್ನುವ ಕಂದು ಸಕ್ಕರೆ ಇರಬೇಕು ಎಂದುಕೊಂಡಳು. ನೆಂಟರು ಒಳ್ಳೆಯವರು. “ಹೊಸ ರುಚಿ, ಪಿತ್ತಕ್ಕೆ ಒಳ್ಳೆಯದು” ಎಂದು ಹೇಳಿ ತಳ ಕಾಣುವಷ್ಟು ಕುಡಿದು ಹೋದರು. ಹೆಸರನ್ನು ನಂಬಿದವರಿಗೆ ಕೊನೆಗೆ ಸಿಗುವುದು ಕೊತ್ತಂಬರಿ ಚಹಾ. ಅದನ್ನೇ ಯೋಚಿಸುತ್ತಾ ಲೋಟ ತೊಳೆಯುವಾಗ ಮಗಳ ಪರೀಕ್ಷೆಯ ದಿನ ನೆನಪಾಗಿ ಒಬ್ಬಳೇ ನಕ್ಕೆ. ಒಬ್ಬಳೇ ನಗುವುದಕ್ಕಿಂತ ನಿಮಗೂ ಹೇಳುವ ಎಂದು ಬರೆಯಲು ಕೂತಿದ್ದೇನೆ.

ಅದಕ್ಕೆ ಮೊದಲು ಒಂದು ಬಸ್ಸಿನ ವಿಷಯ. ನನ್ನ ತವರು ಬೆಳ್ತಂಗಡಿಯ ಹತ್ತಿರ. ನಾನು ಶಾಲೆಗೆ ಹೋಗುವ ಕಾಲದಲ್ಲಿ ನಮ್ಮೂರಿಗೆ ‘ಏಳೂವರೆಯ ಬಸ್ಸು’ ಎಂದೊಂದು ಇತ್ತು. ಅದು ಬರುತ್ತಿದ್ದದ್ದು ಎಂಟು ಗಂಟೆ ಕಳೆದ ಮೇಲೆ. ಯಾರೂ ಅದನ್ನು ತಡ ಎಂದು ಹೇಳುತ್ತಿರಲಿಲ್ಲ, ಏಕೆಂದರೆ ಅದು ಏಳೂವರೆಯ ಬಸ್ಸು, ಎಂಟರ ನಂತರ ಬರುತ್ತದೆ, ಅಷ್ಟೆ. ಒಂದು ದಿನ ಹೊಸ ಡ್ರೈವರ್ ಬಂದವನು ಅದನ್ನು ಸರಿಯಾಗಿ ಏಳೂವರೆಗೆ ತಂದ. ಇಡೀ ಊರಿಗೆ ಬಸ್ಸು ತಪ್ಪಿತು. ಮರುದಿನ ನಮ್ಮ ದೊಡ್ಡಪ್ಪ ರಸ್ತೆಯ ಮಧ್ಯೆ ಕೊಡೆ ಅಡ್ಡ ಹಿಡಿದು ನಿಂತು, “ಏಳೂವರೆಯ ಬಸ್ಸನ್ನು ಏಳೂವರೆಗೆ ತಂದರೆ ಜನ ಎಂತ ಮಾಡುವುದು ಮಾರಾಯ?” ಎಂದು ಕೇಳಿದರು. ಅವನು ಕ್ಷಮೆ ಕೇಳಿದ. ಮತ್ತೆ ಎಂದೂ ಆ ತಪ್ಪು ಮಾಡಲಿಲ್ಲ.

ಹೀಗೆ ಬೆಳೆದ ನನ್ನ ಮುಂದೆ ಒಂದು ದಿನ ಮಗಳು ದೀಕ್ಷಾ ಬಂದು, “ಅಮ್ಮ, ಹೆಸರು ಕೇಳಿದ ಕೂಡಲೇ ಕೆಲಸ ಎಂತದ್ದು ಅಂತ ಗೊತ್ತಾಗಬೇಕು. ಅದೇ ನನ್ನ ಪ್ರಾಜೆಕ್ಟ್” ಎಂದಳು. ಅವಳು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ನಾವಿರುವುದು ಬಿ.ಸಿ.ರೋಡಿನಲ್ಲಿ. ನಮ್ಮವರಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಹೋಟೆಲು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ನಿಮಗೆ ಬೇಕಾಗಿ ಕನ್ನಡ ಮಾಡಿದ್ದೇನೆ, ರುಚಿ ಸ್ವಲ್ಪ ಕಡಿಮೆಯಾದರೆ ಸುಧಾರಿಸಿಕೊಳ್ಳಿ.

ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪು ಪರದೆ. ಚಿತ್ರ ಇಲ್ಲ, ಒತ್ತಲು ಗುಂಡಿ ಇಲ್ಲ. ಒಂದು ಮಾತು ಬರೆದು ಎಂಟರ್ ಒತ್ತಿದರೆ ಯಂತ್ರ ಅದನ್ನು ಮಾಡುತ್ತದೆ. ಅದಕ್ಕೆ ಕಮಾಂಡ್ ಎಂದು ಹೆಸರು. ಹಿತ್ತಿಲ ಕಡೆ ಮುಖ ಮಾಡಿ ಕೂಗಿದರೆ ಕೆಲಸ ಆಗಿ ಬಂದ ಹಾಗೆ. ಅಷ್ಟು ನನಗೆ ತಿಳಿಯಿತು. ತಿಳಿಯದೆ ಹೋದದ್ದು ಕೂಗುವ ಹೆಸರುಗಳು. ಆ ಇಂಗ್ಲಿಷ್ ಹೆಸರುಗಳ ಬದಲು ಕನ್ನಡದ್ದು ಇಡುವುದೇ ಅವಳ ಪ್ರಾಜೆಕ್ಟು.

“ಕ್ಯಾಟ್ ಅಂತ ಬರೆದರೆ ಒಳಗೆ ಇರುವುದನ್ನೆಲ್ಲ ತೋರಿಸ್ತದೆ” ಎಂದಳು.

“ಬೆಕ್ಕು ಎಲ್ಲಿ ಮಗಳೇ ತೋರಿಸುವುದು? ನಮ್ಮದು ಬಂಗುಡೆ ಮೀನಿನ ತಲೆ ಅಡಗಿಸಿದ್ದು ಎಲ್ಲಿ ಅಂತ ವಾಸನೆ ಬಂದ ಮೇಲೆಯೇ ಗೊತ್ತಾದದ್ದು.”

“ಟಚ್ ಅಂದರೆ ಹೊಸ ಫೈಲ್ ಹುಟ್ಟಿಸುವುದು.”

“ಬರೀ ಮುಟ್ಟಿದ್ದಕ್ಕೆ?” ಎಂದು ಕೇಳಿದೆ. ಅತ್ತೆಯವರು ಬದುಕಿದ್ದರೆ ಆ ಲ್ಯಾಪ್‌ಟಾಪನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ.

“ಮತ್ತೆ, ಯಾವುದಾದರೂ ಗೊತ್ತಾಗದಿದ್ದರೆ ಮ್ಯಾನ್ ಅಂತ ಬರೆಯಬೇಕು. ಎಲ್ಲವನ್ನೂ ಬಿಡಿಸಿ ಬಿಡಿಸಿ ವಿವರಿಸ್ತದೆ.”

ನಾನು ನಮ್ಮವರ ಕಡೆ ನೋಡಿದೆ. ಅವರು ಪೇಪರು ಓದುತ್ತಿದ್ದರು. ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಮ್ಯಾನ್ ಇದುವರೆಗೆ ಏನನ್ನೂ ವಿವರಿಸಿದ್ದಿಲ್ಲ.

‘ಪೀಡಬ್ಲ್ಯೂಡಿ’ ಎಂದೂ ಒಂದು ಕಮಾಂಡು ಉಂಟಂತೆ. ನಾವು ಈಗ ಎಲ್ಲಿದ್ದೇವೆ ಎಂದು ಹೇಳುತ್ತದಂತೆ. ಪೀಡಬ್ಲ್ಯೂಡಿ ಎಂದರೆ ನನಗೆ ಗೊತ್ತಿರುವುದು ರಸ್ತೆ ಬದಿಯ ಮೈಲುಕಲ್ಲು. ಆದ್ದರಿಂದ ಅದೊಂದು ಮಾತ್ರ ನನಗೆ ಬಹಳ ಸಮಂಜಸವಾಗಿ ಕಂಡಿತು. ಮಗಳು ಹಣೆ ಹಿಡಿದುಕೊಂಡಳು. “ಅಮ್ಮ, ಅದು ಆ ಪೀಡಬ್ಲ್ಯೂಡಿ ಅಲ್ಲ. ಅರ್ಥ ಆದದ್ದು ಅದೊಂದೇ, ಅದೂ ತಪ್ಪು!”

ಎಲ್ಲಕ್ಕಿಂತ ಸಂಕಟವಾದದ್ದು ‘ಕಿಲ್’. ಮಂಗಳವಾರದ ದಿನ, ನಾನು ದೇವರ ಕೋಣೆಯಲ್ಲಿ ಹೂ ಕಟ್ಟುತ್ತಿದ್ದೇನೆ, ಹೊರಗಿನಿಂದ ಮಗಳು ಗೆಳತಿಗೆ ಫೋನಿನಲ್ಲಿ, “ಅದು ಸಾಯುವುದಿಲ್ಲವಾ? ಹಾಗಾದರೆ ಕಿಲ್ ನೈನ್ ಕೊಡು” ಎಂದು ಹೇಳುವುದು ಕೇಳಿತು.

“ಒಂಬತ್ತು ಸಲ ಕೊಲ್ಲಬೇಕಾ?” ಎಂದು ಓಡಿ ಬಂದೆ.

“ಅಲ್ಲಮ್ಮ, ಸಿಕ್ಕಿಬಿದ್ದ ಪ್ರೋಗ್ರಾಮನ್ನು ನಿಲ್ಲಿಸುವುದು. ಒಂಬತ್ತು ಅಂದರೆ ಖಂಡಿತ ಕೊಲ್ಲು ಅಂತ.”

“ಹಾಗಾದರೆ ಬರೀ ಕೊಲ್ಲು ಅಂದರೆ?”

“ಅದು, ದಯಮಾಡಿ ಸಾಯಿ ಅಂತ ಕೇಳಿಕೊಂಡ ಹಾಗೆ.”

ಆಯುಧಪೂಜೆಗೆ ಅದೇ ಲ್ಯಾಪ್‌ಟಾಪಿಗೆ ನಾನು ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಆರತಿ ಎತ್ತಿದ್ದೆ. ಅಂಥದ್ದಕ್ಕೆ ಈ ಮಾತೇ? ಆ ದಿನ ನಾನು ಮಗಳಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿದೆ. ನೀನು ಕನ್ನಡದಲ್ಲಿ ಹೆಸರು ಇಡುವುದಾದರೆ ಇಡು, ಆದರೆ ಬಹುವಚನದಲ್ಲಿ ಇಡು. ‘ಹುಡುಕು’ ಬೇಡ, ‘ಹುಡುಕಿ’. ಪೂಜೆ ಮಾಡಿದ ವಸ್ತುವನ್ನು ಏಕವಚನದಲ್ಲಿ ಗದರಿಸಬಾರದು. ಅವಳು ಒಪ್ಪಿದಳು. ಅದು ಪ್ರಾಜೆಕ್ಟಿಗೆ ನಾನು ಕೊಟ್ಟ ಏಕೈಕ ತಾಂತ್ರಿಕ ಸಲಹೆ.

ಆಮೇಲೆ ಮನೆಯಲ್ಲಿ ನಾಮಕರಣ ಶುರುವಾಯಿತು. ಮಗು ಹುಟ್ಟಿದಾಗಲೂ ಇಷ್ಟು ಚರ್ಚೆ ಆಗಿರಲಿಲ್ಲ. ನಮ್ಮವರದು ಹೋಟೆಲಿನವರ ವಾದ. “ಹೆಸರು ಗಿಡ್ಡ ಇರಬೇಕು. ಕಲ್ಲಡ್ಕದಲ್ಲಿ ಅಲ್ಲಿಯ ಚಹಾಕ್ಕೆ ‘ಕೆ.ಟಿ.’ ಅಂತಾರೆ. ಅದರಲ್ಲಿ ಚಹಾ ಎಲ್ಲಿ ಉಂಟು, ಹಾಲು ಎಲ್ಲಿ ಉಂಟು? ಆದರೂ ಲೋಟ ಬರ್ತದಾ ಇಲ್ಲವಾ?”

“ಅದು ಗೊತ್ತಿದ್ದವರಿಗೆ ಅಪ್ಪ. ಗೊತ್ತಿಲ್ಲದವರು ಎಂತ ಮಾಡಬೇಕು?”

“ಗೊತ್ತಿಲ್ಲದವರು ‘ಏನುಂಟು?’ ಅಂತ ಕೇಳ್ತಾರೆ. ನನ್ನ ಹೋಟೆಲಿಗೆ ಬರುವವರೆಲ್ಲ ಕೇಳುವುದು ಅದೇ.”

ಮಗಳು ಸುಮ್ಮನಾದಳು. ಅವಳು ಸುಮ್ಮನಾದರೆ ಏನೋ ಹೊಳೆದಿದೆ ಎಂದರ್ಥ.

‘ತೆಗೆ’ ಎಂಬ ಮಾತಿನ ಪಾಡು ಕೇಳಿ. ಎಷ್ಟು ಸುಲಭದ ಮಾತು! ಮಗಳು ಪರೀಕ್ಷಿಸಲೆಂದು “ಆ ಡಬ್ಬಿ ತೆಗೆಯಿರಿ” ಎಂದು ನಮ್ಮಿಬ್ಬರಿಗೂ ಒಟ್ಟಿಗೆ ಹೇಳಿದಳು. ಅವರು ಮುಚ್ಚಳ ತೆರೆಯಲು ಹೋದರು. ನಾನು ಡಬ್ಬಿಯನ್ನೇ ಗೂಡಿನಿಂದ ಎತ್ತಲು ಹೋದೆ. ಮುಚ್ಚಳ ಅವರ ಕೈಯಲ್ಲಿ, ಡಬ್ಬಿ ನನ್ನ ಕೈಯಲ್ಲಿ, ಮೆಣಸಿನ ಪುಡಿ ಮೂವರ ಮೈಮೇಲೆ. ಕಣ್ಣು ತೊಳೆದುಕೊಂಡು ಬಂದು ಮಗಳು ಆ ಹೆಸರನ್ನು ಕೈಬಿಟ್ಟಳು. ಬಾವಿಯಲ್ಲಿ ನೀರಿತ್ತು, ಅದೊಂದು ಉಪಕಾರ.

ಅಷ್ಟರಲ್ಲಿ ಕಾಲೇಜಿನಿಂದ ಒಂದು ನಿಯಮ ಬಂತು. ಅವಳ ಗೈಡ್ ಸರ್ ಹೇಳಿದರಂತೆ, ಕಂಪ್ಯೂಟರಿನ ಗಂಧಗಾಳಿ ಇಲ್ಲದ ಒಬ್ಬರು ಹೊರಗಿನ ಪರೀಕ್ಷಕರ ಎದುರು ಕೂರಬೇಕು. ಹೆಸರುಗಳನ್ನು ಅವರಿಗೆ ಮೊದಲೇ ಹೇಳಿರಬಾರದು. ಪರೀಕ್ಷಕರು ಕೆಲಸ ಹೇಳುತ್ತಾರೆ, ಇವರು ತಮಗೆ ತೋಚಿದ ಮಾತನ್ನು ಬರೆಯಬೇಕು. ಒಂದು ತಪ್ಪಿದರೆ ಪರವಾಗಿಲ್ಲ. ಎರಡನೆಯದು ತಪ್ಪಿದರೆ ಪ್ರಾಜೆಕ್ಟ್ ಮುಂದಿನ ಸಲಕ್ಕೆ. ಗೆಳತಿಯರೆಲ್ಲ ಡಿಗ್ರಿ ಹಿಡಿದು ಹೊರಗೆ ಬರುವಾಗ ಇವಳು ಇನ್ನೊಂದು ಅರ್ಧ ವರ್ಷ ಅದೇ ಬೆಂಚಿನಲ್ಲಿ ಕೂರಬೇಕು.

“ಅದಕ್ಕೆ ನೀವೇ ಸರಿ ಅಮ್ಮ” ಎಂದಳು ದೀಕ್ಷಾ. ಇಡೀ ಬಂಟ್ವಾಳ ತಾಲೂಕಿನಲ್ಲಿ ನನ್ನಷ್ಟು ಗೊತ್ತಿಲ್ಲದವರು ಅವಳಿಗೆ ಬೇರೆ ಸಿಗಲಿಲ್ಲವಂತೆ. ದೇವರು ಯಾರಿಗೆ ಯಾವ ಯೋಗ್ಯತೆ ಯಾಕೆ ಕೊಟ್ಟಿರುತ್ತಾನೆ ಎಂದು ಹೇಳಲು ಬರುವುದಿಲ್ಲ.

ಅಂದಿನಿಂದ ತಂದೆ ಮಗಳು ನನ್ನೆದುರು ಬಾಯಿ ಮುಚ್ಚಿದರು. ಹೋಟೆಲಿನ ಹಿಂದೆ ನಿಂತು ಗುಸುಗುಸು. ನಾನು ಹತ್ತಿರ ಹೋದರೆ ನಮ್ಮವರು ದೊಡ್ಡ ಸ್ವರದಲ್ಲಿ, “ತೆಂಗಿನಕಾಯಿಗೆ ಈಗ ರೇಟು ಎಂತ?” ಎಂದು ಮಗಳನ್ನು ಕೇಳುತ್ತಿದ್ದರು. ಅವಳಿಗೆ ತೆಂಗಿನಕಾಯಿಯ ರೇಟು ಗೊತ್ತಿರುವುದು ಹೇಗೆ? ಪಕ್ಕದ ಮನೆಯವರು ಎರಡು ಸಲ ನನ್ನನ್ನು ಕರೆದು, “ಮಗಳಿಗೆ ಸಂಬಂಧ ಕುದುರಿತಾ ಅಕ್ಕ? ನಮ್ಮಲ್ಲಿ ಹೇಳಬಹುದಲ್ಲ” ಎಂದು ಬೇಜಾರು ಮಾಡಿಕೊಂಡರು. ಕಮಾಂಡಿಗೆ ಹೆಸರಿಡುತ್ತಿದ್ದಾರೆ ಎಂದೆ. ಅವರು ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

ಪರೀಕ್ಷೆಯ ದಿನ ಗಣಪತಿಗೆ ಒಂದು ಹೂವಿನ ಪೂಜೆ ಹೇಳಿಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದೆವು. ಕಿಟಕಿಯ ಬದಿಯ ಸೀಟು ಸಿಕ್ಕಿತು, ಅದೊಂದು. ಸಿದ್ಧಕಟ್ಟೆಯ ತಿರುವುಗಳಲ್ಲಿ ವಾಂತಿ ಬರಲಿಲ್ಲ, ಅದು ಇನ್ನೊಂದು. ದೇವರು ನನಗೆ ಕೊಡುವ ಉಪಕಾರಗಳೆಲ್ಲ ಹೆಚ್ಚಾಗಿ ಈ ಗಾತ್ರದವು. ಸಾಕು, ದೊಡ್ಡದನ್ನು ಇಡಲು ನಮ್ಮಲ್ಲಿ ಜಾಗವೂ ಇಲ್ಲ. ಮಗಳು ದಾರಿಯುದ್ದಕ್ಕೂ ನನ್ನ ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚುತ್ತಿದ್ದಳು. ಸಣ್ಣವಳಿರುವಾಗ ಸೂಜಿ ಹಾಕಿಸಲು ಆಸ್ಪತ್ರೆಗೆ ಹೋಗುವಾಗ ಹಾಗೆ ಮಾಡುತ್ತಿದ್ದದ್ದು.

ಕೋಣೆಯಲ್ಲಿ ಗೈಡ್ ಸರ್ ಇದ್ದರು, ಡಾಕ್ಟರೇಟ್ ಮಾಡಿದ ಸಪೂರದ ಮನುಷ್ಯ. ಪರೀಕ್ಷಕರು ಘಟ್ಟದ ಮೇಲಿನಿಂದ ಬಂದ ಒಬ್ಬ ಮೇಡಂ. ಲ್ಯಾಪ್‌ಟಾಪಿನಲ್ಲಿ ಕಾಣುವುದನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟಿದ್ದರು. ಫೋನಿನಲ್ಲಿ ಕನ್ನಡ ಒತ್ತಿ ನನಗೆ ಅಭ್ಯಾಸ ಇದ್ದದ್ದರಿಂದ ಅಕ್ಷರದ ಹೆದರಿಕೆ ಇರಲಿಲ್ಲ.

“ಅಮ್ಮ, ನಾನು ಕೆಲಸ ಹೇಳ್ತೀನಿ. ನಿಮ್ಮ ಮನೇಲಿ ಹೇಗೆ ಹೇಳ್ತೀರೋ ಹಾಗೇ ಬರೀರಿ. ಭಯ ಬೇಡ” ಎಂದರು ಮೇಡಂ. “ಮೊದಲು, ಒಳಗಡೆ ಏನೇನಿದೆ ಅಂತ ತಿಳೀಬೇಕು.”

‘ಏನುಂಟು’ ಎಂದು ಬರೆದು ಎಂಟರ್ ಒತ್ತಿದೆ. ಗೋಡೆಯ ಮೇಲೆ ಸರಸರನೆ ಬಂತು: ನೀರುದೋಸೆ, ಬನ್ಸ್, ಪತ್ರೊಡೆ, ಗೋಳಿಬಜೆ. ಮಗಳು ಪ್ರಯೋಗಕ್ಕೆ ಅಪ್ಪನ ಹೋಟೆಲನ್ನೇ ಒಳಗೆ ತುಂಬಿಸಿದ್ದಳು! ಮೇಡಂ ನಕ್ಕರು. ಆಮೇಲೆ ಬನ್ಸ್ ಎಲ್ಲಿದೆ ಎಂದು ಪತ್ತೆ ಮಾಡಲು ಹೇಳಿದರು. ‘ಬನ್ಸ್ ಹುಡುಕಿ’ ಎಂದು ಬರೆದೆ. ಸಿಕ್ಕಿತು. ಬಹುವಚನದ ಮಹಿಮೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮಗಳ ಮುಖಕ್ಕೆ ರಕ್ತ ಮರಳಿ ಬಂತು.

“ಈಗ, ಪರದೆ ಬೆಳಕು ಕಣ್ಣಿಗೆ ಹೊಡೀತಿದೆ ಅಂತ ಇಟ್ಕೊಳ್ಳಿ. ದೀಪ ಆರಿಸಬೇಕು.”

ನನ್ನ ಕೈ ನಿಂತಿತು.

ಅವರು ಹೇಳಿದರು, ಹೇಳಲಿ. ನಾನು ಹೇಗೆ ಬರೆಯುವುದು? ದೀಪದ ಪಕ್ಕದಲ್ಲಿ ಆ ಕ್ರಿಯಾಪದವನ್ನು ಮುತ್ತೈದೆಯಾದವಳು ಬಾಯಲ್ಲಿ ಆಡುವುದುಂಟೇ? ಅಜ್ಜಿ ನನಗೆ ಕಲಿಸಿದ್ದು ‘ದೀಪ ದೊಡ್ಡದು ಮಾಡು’ ಎಂದು. ಬಳೆ ಒಡೆದರೆ ‘ಹೆಚ್ಚಿತು’ ಎನ್ನಬೇಕು. ಅಕ್ಕಿ ಮುಗಿದರೂ ‘ಹೆಚ್ಚಿದೆ’ ಎನ್ನಬೇಕು. ಮದುವೆಯಾದ ಹೊಸತರಲ್ಲಿ ನಾನು “ಅಕ್ಕಿ ಹೆಚ್ಚಿದೆ” ಎಂದು ಹೇಳಿದ್ದನ್ನು ನಮ್ಮವರು ನಿಜವೆಂದು ನಂಬಿ, ಅಂಗಡಿಯಿಂದ ತರದೆ, ರಾತ್ರಿ ಇಬ್ಬರೂ ಹಲಸಿನ ಹಪ್ಪಳ ತಿಂದು ಮಲಗಿದ್ದೂ ಉಂಟು. ನಿಮ್ಮ ಮನೆಯಲ್ಲಿ ಹೇಳುವ ಹಾಗೆ ಬರೆಯಿರಿ ಎಂದು ಮೇಡಂ ಬೇರೆ ಹೇಳಿದ್ದಾರೆ. ಗಣಪತಿಯನ್ನು ನೆನೆದು ಬರೆದೆ:

‘ದೀಪ ದೊಡ್ಡದು ಮಾಡಿ.’

ಗೋಡೆಯ ಮೇಲಿನ ಅಕ್ಷರಗಳು ಒಂದಕ್ಕೆ ಎರಡಾದವು.

ಯಂತ್ರಕ್ಕೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ. ಮತ್ತೆ ಬರೆದೆ. ಅಕ್ಷರಗಳು ಇನ್ನೂ ಉಬ್ಬಿದವು. ನೀರುದೋಸೆ ಗೋಡೆಯಿಂದ ಹೊರಗೆ ಹೋಯಿತು. ಮಗಳು “ಅಮ್ಮ…” ಎಂದು ಬಾಯಿ ತೆರೆದಳು. ಗೈಡ್ ಸರ್, “ಶ್, ಹೇಳಬಾರದು!” ಎಂದು ಕೈ ಎತ್ತಿದರು. ನಾನು ವಿನಯ ಕಡಿಮೆಯಾಯಿತೇನೋ ಎಂದು ‘ದಯವಿಟ್ಟು’ ಸೇರಿಸಿ ಬರೆದೆ. ಕೊನೆಗೆ ಗೋಡೆಯ ತುಂಬ ಉಳಿದದ್ದು ‘ದೀ’ ಎಂಬ ಒಂದೇ ಅಕ್ಷರ. ಅದರ ಗುಡಿಸು ಸೀಲಿಂಗಿಗೆ ಹತ್ತಿತ್ತು. ಅದರ ಬೆಳಕಿನಲ್ಲಿ ಮೇಡಂ, ಸರ್, ಮಗಳು ಎಲ್ಲರೂ ಆರತಿಯ ಎದುರು ನಿಂತವರ ಹಾಗೆ ಫಳಫಳ ಹೊಳೆಯುತ್ತಿದ್ದರು.

“ದೀ ಅಂದರೆ ದೀಕ್ಷಾನಾ? ಹುಡುಗಿ ಹೆಸರು ಯಾಕೆ ಬಂತು?” ಎಂದು ಮೇಡಂ ಕನ್ನಡಕ ತೆಗೆದರು.

ನಾನು ಎದ್ದು ನಿಂತು ಎಲ್ಲ ಹೇಳಿದೆ. ಅಕ್ಕಿಯದ್ದು, ಬಳೆಯದ್ದು, ಹಪ್ಪಳದ್ದು ಕೂಡ. ಮೇಡಂ ಕೇಳಿ ಕೇಳಿ ನಕ್ಕು, ಕಣ್ಣೊರೆಸಿಕೊಂಡು, “ನಮ್ಮಜ್ಜಿನೂ ಹಾಗೇ ಅಂತಿದ್ರು ಅಮ್ಮ” ಎಂದರು. ಆದರೂ ನಿಯಮ ನಿಯಮವೇ. “ಒಂದು ತಪ್ಪಾಯ್ತು. ಇನ್ನೊಂದೇ ಕೆಲಸ ಬಾಕಿ. ಇದನ್ನು ಮುಗಿಸಿ ಹೊರಗೆ ಬರಬೇಕು. ಏನು ಬರೀತೀರಿ?”

ಗೈಡ್ ಸರ್ ಮಗಳ ಕಡೆ ನೋಡಿದರು. ಮಗಳು ನೆಲ ನೋಡಿದಳು. ‘ದೀ’ ತುಂಬಿದ ಗೋಡೆಯಲ್ಲಿ ನಾನು ಬರೆಯುವುದು ನನಗೇ ಕಾಣುವ ಹಾಗಿರಲಿಲ್ಲ. ಹೊರಡುವವರು ಏನು ಬರೆಯಬೇಕು? ‘ಹೋಗುತ್ತೇನೆ’ ಎಂದು ಬರೆಯಬೇಕೆಂದು ನನಗೂ ಗೊತ್ತು, ಅಷ್ಟು ದಡ್ಡಿಯಲ್ಲ. ಆದರೆ ಮನುಷ್ಯ ಹೋಗುವುದು ಒಂದೇ ಸಲ. ಮಿಕ್ಕ ದಿನವೆಲ್ಲ ನಾವು ಹೊಸ್ತಿಲು ದಾಟುವಾಗ ಹೇಳುವುದು ಬೇರೆ. ಇನ್ನೊಂದು ಅರ್ಧ ವರ್ಷ ಮಗಳು ಬೆಂಚಿನಲ್ಲಿ ಕೂರಬೇಕಾದರೂ ಸರಿ, ಆ ಮಾತನ್ನು ಅವಳ ಕೆಲಸದ ಮೇಲೆ ನಾನು ಬರೆಯಲಾರೆ ಎಂದು ತೀರ್ಮಾನಿಸಿ, ಕಣ್ಣು ಮುಚ್ಚಿ ಒತ್ತಿದೆ:

‘ಬರ್ತೇನೆ.’

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗೋಡೆಯ ತುಂಬ ‘ಬ’ ಬಂತು. ಅದು ಸರಿದು ‘ನ್ನಿ’ ಬಂತು. ಆಮೇಲೆ ಪರದೆ ಸದ್ದಿಲ್ಲದೆ ಮುಚ್ಚಿಕೊಂಡಿತು.

ಮೇಡಂ ಮಗಳನ್ನು ಕೇಳಿದರು, “ಹೊರಗೆ ಹೋಗೋದಕ್ಕೆ ‘ಬರ್ತೇನೆ’ ಅಂತ ಹೆಸರಿಟ್ಟಿದ್ದೀಯಾ? ಇದು ಯಾರಿಗೆ ಅರ್ಥ ಆಗುತ್ತೆ?”

“‘ಮುಚ್ಚಿ’ಯೂ ಉಂಟು ಮೇಡಂ, ‘ಸಾಕು’ ಅಂದರೂ ಆಗ್ತದೆ” ಎಂದಳು ದೀಕ್ಷಾ. “ಆದರೆ ನಮ್ಮ ಅಮ್ಮ ‘ಹೋಗ್ತೇನೆ’ ಅಂದದ್ದನ್ನು ನಾನು ಹುಟ್ಟಿದಂದಿನಿಂದ ಕೇಳಲಿಲ್ಲ. ಬಟ್ಟೆ ಒಣಗಿಸಲಿಕ್ಕೆ ಅಂಗಳಕ್ಕೆ ಹೋಗುವಾಗಲೂ ‘ಬರ್ತೇನೆ’ ಹೇಳಿಯೇ ಹೋಗುವುದು. ದೀಪದ್ದು ನನಗೆ ಹೊಳೆಯಲಿಲ್ಲ ಮೇಡಂ, ‘ದೊಡ್ಡದು ಮಾಡಿ’ ಅಂದರೆ ಅಕ್ಷರ ದೊಡ್ಡದು ಅಂತ ಮಾತ್ರ ಇಟ್ಟದ್ದು. ಮನೆಯಲ್ಲಿ ಆ ಕೆಲಸ ಯಾವಾಗಲೂ ಅಮ್ಮನೇ ಮಾಡುವುದು, ನಾನು ಹೇಳಿದ್ದೇ ಇಲ್ಲ.”

ಮೇಡಂ ಕಾಗದದ ಮೇಲೆ ಏನೋ ಬರೆದು, ಮಡಚಿ, ಗೈಡ್ ಸರ್ ಕೈಗೆ ಕೊಡದೆ ಬ್ಯಾಗಿಗೆ ಹಾಕಿಕೊಂಡು ಎದ್ದರು. ಬಾಗಿಲಲ್ಲಿ ತಿರುಗಿ ನನ್ನ ಮುಖ ನೋಡಿ, “ಬರ್ತೀನಿ ಅಮ್ಮ” ಎಂದರು.

“ಬನ್ನಿ” ಎಂದೆ ನಾನು, ಅಭ್ಯಾಸಬಲದಿಂದ.

ಬಾಗಿಲು ಮುಚ್ಚಿದ ಮೇಲೆ ಮಗಳು ನನ್ನ ತೋಳು ಹಿಡಿದಳು. “ಅಮ್ಮ, ಮೇಡಂ ಮತ್ತೆ ಬರ್ತಾರಾ? ಮತ್ತೆ ಬರ್ತೇನೆ ಅಂದರೆ ಪರೀಕ್ಷೆ ಮತ್ತೆ ಉಂಟು ಅಂತಲಾ? ಅಂದರೆ ಫೇಲಾ?”

ಗೈಡ್ ಸರ್ ಕೂಡ ಬೆಚ್ಚಿದರು. “ಹೌದಲ್ಲ! ಅವರು ಪಾಸ್ ಅಂತಲೂ ಹೇಳಲಿಲ್ಲ, ಫೇಲ್ ಅಂತಲೂ ಹೇಳಲಿಲ್ಲ. ಯಾವ ಅರ್ಥದಲ್ಲಿ ಹೇಳಿದ್ದು?” ಎಂದು ಮೆಟ್ಟಿಲು ಇಳಿದು ಓಡಿದರು.

“ಬರ್ತೇನೆ ಅಂದರೆ ಹೊರಟರು ಅಂತ ಮಗಳೇ” ಎಂದು ನಾನು ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ಕೇಳಿದ ಕೂಡಲೇ ಅರ್ಥವಾಗುವ ಹೆಸರುಗಳ ಮೇಲೆ ಅಷ್ಟು ದಿನ ಕೆಲಸ ಮಾಡಿದವಳು, ಹುಟ್ಟಿದಂದಿನಿಂದ ಕೇಳಿದ ಮಾತಿಗೆ ಅರ್ಥ ಹುಡುಕುತ್ತಾ ಬೆಂಚಿನ ಮೇಲೆ ಕುಸಿದು ಕೂತಳು. ನಾನು ಪಕ್ಕದಲ್ಲಿ ಕೂತೆ. ಅವಳು ಮತ್ತೆ ನನ್ನ ಸೆರಗು ಬೆರಳಿಗೆ ಸುತ್ತತೊಡಗಿದಳು. ಇಬ್ಬರೂ ಬಾಗಿಲನ್ನೇ ನೋಡುತ್ತಾ ಕೂತೆವು.

ಸರ್ ಏದುಸಿರು ಬಿಡುತ್ತಾ ಓಡಿ ಬಂದರು. ಮುಖ ಅರಳಿತ್ತು. “ಪಾಸ್! ಆಫೀಸಿನಲ್ಲಿ ಸೈನ್ ಹಾಕಿ ಕೊಟ್ಟಿದ್ದಾರೆ. ಒಳ್ಳೆಯ ಮಾರ್ಕು! ಎಂತದ್ದೂ ಹೆದರಬೇಡಿ, ಮೇಡಂ ಹೋದರು! ಪೂರಾ ಹೋದರು! ಇನ್ನು ಅವರು ಬರುವುದೇ ಇಲ್ಲ!”

ಮಗಳು ಅಳುತ್ತಾ ನನ್ನನ್ನು ಅಪ್ಪಿಕೊಂಡಳು. ನನ್ನ ಕಣ್ಣಲ್ಲೂ ನೀರು ಬಂತು. ಆದರೆ ಕಿವಿ ಕೇಳಬೇಕಲ್ಲ. ಒಳ್ಳೆಯ ಹೆಂಗಸು, ನಗುತ್ತಾ ಬಂದವರು, ಇನ್ನೂ ಘಟ್ಟ ಹತ್ತಬೇಕಾದವರು. ಅವಳ ಭುಜದ ಮೇಲಿಂದಲೇ ಹೇಳಿದೆ, “ಬಿಡ್ತು ಅನ್ನಿ ಸರ್.”

ಡಾಕ್ಟರೇಟ್ ಮಾಡಿದವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಮರುಮಾತಿಲ್ಲದೆ ಎರಡೂ ಕೆನ್ನೆ ತಟ್ಟಿಕೊಂಡು, “ಬಿಡ್ತು” ಎಂದರು.